ಸಿಮ್ವಾಸ್ಟಾಟಿನ್: ಆಹಾರ, ಔಷಧ ಮತ್ತು ರೋಗಗಳೊಡನೆ ಅದರ ಪರಸ್ಪರ ಕ್ರಿಯೆ

ರಕ್ತದ ಕೊಲೆಸ್ಟರಾಲನ್ನು ತಗ್ಗಿಸುವ ಔಷಧಗಳಲ್ಲಿ ಸ್ಟಾಟಿನ್ ವರ್ಗವು ಪ್ರಧಾನವಾದುದು. 1970ರ ದಶಕದಲ್ಲಿ ಜಪಾನಿನ ವಿಜ್ಞಾನಿ ಅಕಿರ ಎಂಡೊ ಅವರು ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ ಈ ವರ್ಗದ ಮೊದಲ ವಸ್ತುವನ್ನು ಬೇರ್ಪಡಿಸಿದರು. ಯಕೃತ್ತಿನಲ್ಲಿ ಕೊಲೆಸ್ಟರಾಲಿನ ನಿರ್ಮಾಣಕ್ಕೆ ಅವಶ್ಯವಾದ ಕಿಣ್ವವೊಂದನ್ನು ತಡೆಯುವುದೇ ಇವುಗಳ ಕಾರ್ಯ. ಈ ವರ್ಗದ ಸಿಮ್ವಾಸ್ಟಾಟಿನ್ನನ್ನು ಉದಾಹರಣೆಯಾಗಿಟ್ಟುಕೊಂಡು, ಗುಳಿಗೆಯ ಮೇಲೆ ನಮೂದಿಸಿದ ಪ್ರಮಾಣಕ್ಕೂ ರಕ್ತವನ್ನು ಸೇರುವ ಪ್ರಮಾಣಕ್ಕೂ ಇರುವ ಅಂತರವನ್ನು ಇಲ್ಲಿ ವಿವೇಚಿಸಲಾಗಿದೆ.

ನುಂಗಿದ ಸಿಮ್ವಾಸ್ಟಾಟಿನ್ನಿನಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ ಭಾಗ ಮಾತ್ರ ಸಕ್ರಿಯ ರೂಪದಲ್ಲಿ ದೇಹದ ರಕ್ತಪ್ರವಾಹವನ್ನು ಸೇರುತ್ತದೆ. ಉಳಿದುದು ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ತಡೆಯಲ್ಪಡುತ್ತದೆ. ಸಿ.ವೈ.ಪಿ. 3ಎ4 ಎಂಬ ಕಿಣ್ವವು ಇಲ್ಲಿ ಸುಂಕದ ಕಟ್ಟೆಯಂತೆ ವರ್ತಿಸುತ್ತದೆ. ಕಟ್ಟೆಯನ್ನು ಮುಚ್ಚಿದರೆ ಸರಕೆಲ್ಲವೂ ಊರೊಳಕ್ಕೆ ನುಗ್ಗುವಂತೆ, ಈ ಕಿಣ್ವ ಕುಂಠಿತವಾದರೆ ಔಷಧದ ಪ್ರಮಾಣವು ರಕ್ತದಲ್ಲಿ ಹಲವು ಪಟ್ಟು ಏರುವುದು.

ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸಕ್ಕೆ ಈ ಶಕ್ತಿಯುಂಟು. ಅದರಲ್ಲಿರುವ ಫ್ಯುರಾನೊಕೌಮರಿನ್‌ಗಳು ಕರುಳಿನಲ್ಲಿರುವ ಈ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆಗಳ ಸಂಕರದಿಂದ ಹುಟ್ಟಿದುದು. ಚಕ್ಕೋತದಲ್ಲಿಯೂ ಇದೇ ಬಗೆಯ ದ್ರವ್ಯಗಳಿವೆ. ಆದುದರಿಂದ ದೇವನಹಳ್ಳಿಯ ಚಕ್ಕೋತವನ್ನು ಸವಿಯುವ ನಮ್ಮವರೂ ವೈದ್ಯರನ್ನು ಕೇಳಿಕೊಳ್ಳುವುದು ಉಚಿತ.

ಔಷಧಗಳಲ್ಲಿ ಕ್ಲಾರಿಥ್ರೊಮೈಸಿನ್, ಇಟ್ರಾಕೊನಜೋಲ್‌ಗಳು ಇದೇ ಕಿಣ್ವವನ್ನು ಬಲವಾಗಿ ತಡೆಯುವುದರಿಂದ ಸಿಮ್ವಾಸ್ಟಾಟಿನ್ನಿನೊಡನೆ ಅವು ನಿಷಿದ್ಧ. ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ಸೇವಿಸುವವರು ದಿನಕ್ಕೆ 20 ಮಿಲಿಗ್ರಾಂ ಸಿಮ್ವಾಸ್ಟಾಟಿನ್ನನ್ನು ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಸೂಚಿಸಿದರು. ಜೆಮ್‌ಫೈಬ್ರೋಜಿಲ್ ಬೇರೆ ಮಾರ್ಗಗಳಿಂದ ಸ್ಟಾಟಿನ್‌ಗಳ ವಿಸರ್ಜನೆಯನ್ನು ತಡೆಯುತ್ತದೆ. ಇದೇ ವರ್ಗದ ಸೆರಿವಾಸ್ಟಾಟಿನ್ನನ್ನು 2001ರ ಆಗಸ್ಟ್‌ನಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಂಡಾಗ, ಅಮೆರಿಕದಲ್ಲಿ ವರದಿಯಾಗಿದ್ದ 31 ಮರಣಗಳಲ್ಲಿ 12 ಜೆಮ್‌ಫೈಬ್ರೋಜಿಲ್‌ನೊಡನೆ ಸೇವಿಸಿದವರವು. ಸ್ನಾಯುಗಳು ಶಿಥಿಲಗೊಂಡು, ಅವುಗಳ ದ್ರವ್ಯವು ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಕೆಡಿಸುವುದೇ ಇಲ್ಲಿನ ಅಪಾಯ.

ರೋಗಗಳ ವಿಷಯವೂ ಗಮನಾರ್ಹ. ಉಲ್ಬಣಿಸಿದ ಯಕೃತ್ತಿನ ರೋಗದಲ್ಲಿ ಈ ಔಷಧವನ್ನು ಕೊಡತಕ್ಕುದಲ್ಲ. ಥೈರಾಯ್ಡ್ ಗ್ರಂಥಿಯ ಮಾಂದ್ಯವಾದರೋ ತಾನೇ ಕೊಲೆಸ್ಟರಾಲನ್ನು ಏರಿಸಿ, ಸ್ನಾಯುಗಳನ್ನೂ ದುರ್ಬಲಗೊಳಿಸುತ್ತದೆ. ಅದನ್ನು ಪತ್ತೆಹಚ್ಚದೆ ಸ್ಟಾಟಿನ್ ಕೊಟ್ಟರೆ ಮೂಲರೋಗ ಉಳಿಯುತ್ತದೆ, ಅಪಾಯವೂ ಹೆಚ್ಚುತ್ತದೆ.

ಇಷ್ಟರಿಂದ ಸ್ಟಾಟಿನ್ ತ್ಯಾಜ್ಯವೆಂದು ಭಾವಿಸಬಾರದು. ಹೃದಯಾಘಾತವನ್ನು ತಡೆಯುವಲ್ಲಿ ಅದರ ಉಪಯೋಗ ಸಿದ್ಧವಾದುದು; ಪ್ರಾವಾಸ್ಟಾಟಿನ್, ರೊಸುವಾಸ್ಟಾಟಿನ್‌ಗಳಿಗೆ ಮೇಲಿನ ಕಿಣ್ವದ ಅವಲಂಬನೆ ಅತ್ಯಲ್ಪ. ರೋಗಿಯು ತಾನು ಸೇವಿಸುವ ಸಮಸ್ತ ಔಷಧಗಳನ್ನೂ ವೈದ್ಯರಿಗೆ ತಿಳಿಸಬೇಕು. ಕಾರಣವಿಲ್ಲದ ಸ್ನಾಯುನೋವಾಗಲಿ ಮೂತ್ರದ ಕಪ್ಪುಬಣ್ಣವಾಗಲಿ ತೋರಿದಲ್ಲಿ ತಡಮಾಡದೆ ಅವರನ್ನು ಕಾಣಬೇಕು.