ಪ್ರೋಟೀನಿನ ಮೊದಲ ನಾಲ್ಕು ಮಿಲಿಸೆಕೆಂಡು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ರೇಷ್ಮೆ ಬೆಳೆಗಾರರು ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಮೇಲೆ ನಡೆಯುವುದು ಪ್ರೋಟೀನಿನ ಕೆಲಸ. ಹುಳುವಿನ ಗ್ರಂಥಿಯಲ್ಲಿ ದ್ರವವಾಗಿದ್ದ ಫೈಬ್ರಾಯಿನ್ ಹೊರಬರುತ್ತಲೇ ಗಟ್ಟಿ ನೂಲಾಗುತ್ತದೆ. ಸೆಳೆತಕ್ಕೆ ಸಿಕ್ಕ ಅದರ ಸರಪಳಿಗಳು ಪದರ ಪದರವಾಗಿ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ. ಆಕಾರ ಬದಲಾದರೆ ಪ್ರೋಟೀನಿನ ಗುಣವೂ ಬದಲಾಗುತ್ತದೆ.

ನಮ್ಮ ಮೈಯ ಪ್ರೋಟೀನುಗಳೂ ಅಮೈನೊ ಆಮ್ಲಗಳ ಸರಪಳಿಗಳೇ. ಅವುಗಳಲ್ಲಿ ಹೆಚ್ಚಿನವು ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತವೆ. ಸಾಧ್ಯವಿರುವ ಆಕಾರಗಳನ್ನೆಲ್ಲ ಒಂದೊಂದಾಗಿ ಹುಡುಕುತ್ತ ಹೋದರೆ ವಿಶ್ವದ ವಯಸ್ಸೂ ಸಾಲದು ಎಂಬ ಒಗಟನ್ನು ಸೈರಸ್ ಲೆವಿಂಥಾಲ್ 1969ರಲ್ಲಿ ಮುಂದಿಟ್ಟರು. ಆದರೂ ಅನೇಕ ಸಣ್ಣ ಪ್ರೋಟೀನುಗಳು ಸೆಕೆಂಡಿನೊಳಗೆ ಮಡಚಿಕೊಳ್ಳುತ್ತವೆ. ಹಾಗಾದರೆ ಅವುಗಳ ಮೊದಲ ಹೆಜ್ಜೆ ಯಾವುದು?

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಜಯಂತ್ ಉದ್ಗಾಂವ್ಕರ್ ಅವರ ತಂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅವರು ಆರಿಸಿಕೊಂಡದ್ದು ಬಾರ್‌ಸ್ಟಾರ್ ಎಂಬ 89 ಅಮೈನೊ ಆಮ್ಲಗಳ ಬ್ಯಾಕ್ಟೀರಿಯಾ ಪ್ರೋಟೀನು. ಇಂಥ ಪ್ರಯೋಗದಲ್ಲಿ ಮೊದಲು ರಾಸಾಯನಿಕ ಹಾಕಿ ಪ್ರೋಟೀನನ್ನು ಬಿಡಿಸಬೇಕು. ಯೂರಿಯಾದ ದಟ್ಟ ದ್ರಾವಣವೂ ಈ ಕೆಲಸ ಮಾಡಬಲ್ಲದು. ಆಮೇಲೆ ಯಂತ್ರದಲ್ಲಿ ಅದನ್ನು ಕ್ಷಣಾರ್ಧದಲ್ಲಿ ತೆಳುವಾಗಿಸಿದರೆ ಸರಪಳಿ ಮತ್ತೆ ಮಡಚಿಕೊಳ್ಳತೊಡಗುತ್ತದೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಅತಿನೇರಳೆ ಬೆಳಕು ಬಿದ್ದರೆ ಮಿನುಗುತ್ತದೆ. ಸುತ್ತಲ ಸ್ಥಿತಿಗೆ ತಕ್ಕಂತೆ ಆ ಮಿನುಗು ಬದಲಾಗುವುದರಿಂದ ಒಳಗೆ ಏನಾಗುತ್ತಿದೆ ಎಂದು ತಿಳಿಯುತ್ತದೆ.

1995ರಲ್ಲಿ 'ನೇಚರ್' ಪತ್ರಿಕೆ ಈ ತಂಡದ ಫಲಿತಾಂಶವನ್ನು ಪ್ರಕಟಿಸಿತು. ನಾಲ್ಕು ಮಿಲಿಸೆಕೆಂಡಿನೊಳಗೇ ಸರಪಳಿ ಕುಗ್ಗಿ ಮುದ್ದೆಯಾಗುತ್ತದೆ. ನಿರ್ದಿಷ್ಟ ರಚನೆ ಮೂಡುವುದು ಆಮೇಲೆ. ನೀರಿಗೆ ಒಗ್ಗದ ಭಾಗಗಳು ಒಟ್ಟುಗೂಡುವುದೇ ಆ ಮೊದಲ ಹೆಜ್ಜೆ. ಇನ್ನೂ ವೇಗದ ಹೆಜ್ಜೆಗಳಿಗೆ ಲೇಸರ್ ಬೇಕು. ಅದು ದ್ರಾವಣವನ್ನು ಸೆಕೆಂಡಿನ ಕೋಟ್ಯಂಶದಷ್ಟು ಕಾಲದಲ್ಲಿ ಬಿಸಿ ಮಾಡುತ್ತದೆ. ಹೀಗೆ ಹಠಾತ್ತನೆ ತಾಪ ಏರಿಸಿ ಕ್ರಿಯೆಗಳನ್ನು ಅಳೆಯುವ ದಾರಿ ತೋರಿದ ಮ್ಯಾನ್‌ಫ್ರೆಡ್ ಐಗನ್ 1967ರ ನೊಬೆಲ್ ಹಂಚಿಕೊಂಡರು.

ಈ ಸೂಕ್ಷ್ಮ ಅಳತೆಗೂ ನಮ್ಮ ಬದುಕಿಗೂ ನೇರ ನಂಟಿದೆ. ಆಲ್ಜೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ದಾರಿ ತಪ್ಪಿ ಮಡಚಿಕೊಂಡ ಪ್ರೋಟೀನುಗಳು ಮಿದುಳಿನಲ್ಲಿ ಗುಡ್ಡೆಯಾಗುತ್ತವೆ. ಎಲ್ಲಿ ತಪ್ಪಿತು ಎಂದು ತಿಳಿಯಬೇಕಾದರೆ ಸರಿದಾರಿಯ ಪ್ರತಿ ಹೆಜ್ಜೆಯೂ ಗೊತ್ತಿರಬೇಕು.

ಈ ವಿದ್ಯೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ನಮ್ಮ ಜಿಲ್ಲೆಯ ಬಿ.ಎಸ್ಸಿ. ವಿದ್ಯಾರ್ಥಿಗಳು ಮೂಲವಿಜ್ಞಾನವನ್ನು ಎರಡನೆಯ ಆಯ್ಕೆ ಎಂದು ಕಾಣಬಾರದು. ದೇಶದ ವಿಜ್ಞಾನ ಅಕಾಡೆಮಿಗಳು ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಅಧ್ಯಾಪಕರು ಅದರ ವಿಷಯ ತರಗತಿಯಲ್ಲಿ ಹೇಳಲಿ, ಮಕ್ಕಳಿಂದ ಅರ್ಜಿ ಹಾಕಿಸಲಿ.