ಸೊನ್ನೆಗೂ 4 ಮಿಲಿಆಂಪಿಯರ್ ಯಾಕೆ?

ಸೊರಟೂರಿನಂಥ ಊರಲ್ಲಿ ನಲ್ಲಿಗೆ ನೀರು ಬರಲಿಲ್ಲ ಅಂದ್ರೆ ವಾಟರ್‌ಮನ್ ಹೇಳೋ ಮಾತು ಒಂದೇ: "ಮ್ಯಾಲಿಂದನ ಬಂದಿಲ್ರಿ." ಆ "ಮ್ಯಾಲೆ" ಏನಾಯ್ತು? ಪಂಪ್ ನಿಂತಿತೋ, ಪೈಪ್ ಒಡೆಯಿತೋ? ಇದನ್ನು ತಿಳಿಯೋಕೆ ಎಂಜಿನಿಯರ್ ಮೊದಲು ನೋಡೋದು ಫ್ಲೋ ಮೀಟರಿನ ಅಂಕಿ.

ನಮ್ಮ ಗದಗ ಸೀಮೆಗೆ ತುಂಗಭದ್ರೆಯೇ ಆಸರೆ. ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಗೆ ನೀರು ಎತ್ತುತ್ತಾರೆ. ಗದಗ-ಬೆಟಗೇರಿಯ ನಲ್ಲಿಗೂ ಇದೇ ನದಿಯ ನೀರು. ಇಂಥ ದೊಡ್ಡ ಯೋಜನೆಗಳಲ್ಲಿ ಪೈಪ್ ಒಂದು ಕಡೆ, ಅದನ್ನು ನೋಡಿಕೊಳ್ಳುವ ಕಂಟ್ರೋಲ್ ರೂಮ್ ಇನ್ನೊಂದು ಕಡೆ. ನಡುವೆ ಅಂಕಿ ಹೇಗೆ ಸಾಗುತ್ತದೆ ನೋಡೋಣ ಬರ್ರಿ.

ನೀರಿನ ದೊಡ್ಡ ಪೈಪುಗಳಿಗೆ ಹೆಚ್ಚಾಗಿ ಬಳಸೋದು ಎಲೆಕ್ಟ್ರೋಮ್ಯಾಗ್ನೆಟಿಕ್ ಫ್ಲೋ ಮೀಟರ್. ಪಿಯುಸಿಯಲ್ಲಿ ಓದಿದ ಫ್ಯಾರಡೇ ನಿಯಮವೇ ಇಲ್ಲೂ: ಕಾಂತಕ್ಷೇತ್ರದ ನಡುವೆ ನೀರು ಹರಿದಾಗ ಎರಡು ಎಲೆಕ್ಟ್ರೋಡುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ನೀರಿನ ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಆದರೆ ಇದು ಮಿಲಿವೋಲ್ಟ್ ಲೆಕ್ಕದ್ದು. ಪಂಪ್ ಮೋಟಾರುಗಳ ಗದ್ದಲದ ನಡುವೆ ದೂರ ಕಳಿಸಿದ್ರೆ ಕಳೆದೇ ಹೋಗುತ್ತದೆ. ಅದಕ್ಕೇ ಟ್ರಾನ್ಸ್‌ಮಿಟರ್ ಅದನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಬದಲಿಸಿ ಪಿಎಲ್‌ಸಿಗೆ ಕಳಿಸುತ್ತದೆ.

ಕರೆಂಟೇ ಯಾಕೆ? ಸೀರೀಸ್ ಸರ್ಕ್ಯೂಟಿನಲ್ಲಿ ಎಲ್ಲಾ ಕಡೆ ಕರೆಂಟ್ ಒಂದೇ. ವೈರಿನ ರೆಸಿಸ್ಟೆನ್ಸ್ ಸ್ವಲ್ಪ ಹೆಚ್ಚಾದ್ರೂ, ಲೂಪಿಗೆ ಸಾಕಷ್ಟು ವೋಲ್ಟೇಜ್ ಇರೋ ತನಕ ಅಂಕಿ ಬದಲಾಗಲ್ಲ. ಪಿಎಲ್‌ಸಿ ಕಡೆ 250 ಓಮ್ ರೆಸಿಸ್ಟರ್ ಇದ್ದರೆ ಅದೇ ಕರೆಂಟ್ 1ರಿಂದ 5 ವೋಲ್ಟ್ ಆಗುತ್ತದೆ.

ಒಂದು ಲೆಕ್ಕ ನೋಡ್ರಿ. ಮೀಟರಿನ ರೇಂಜ್ ಗಂಟೆಗೆ 0–500 ಘನ ಮೀಟರ್ ಅನ್ನೋಣ. 4 ಮಿಲಿಆಂಪಿಯರ್ ಅಂದ್ರೆ ಹರಿವು ಇಲ್ಲ, 20 ಅಂದ್ರೆ 500, ನಡುವಿನ 12 ಅಂದ್ರೆ 250.

ಈಗ ಅಸಲಿ ಪ್ರಶ್ನೆ: ಸೊನ್ನೆ ಹರಿವಿಗೆ ಸೊನ್ನೆ ಕರೆಂಟನ್ನೇ ಇಡಬಹುದಿತ್ತಲ್ಲ? ಇಟ್ಟಿದ್ರೆ ನೀರು ನಿಂತರೂ ಸೊನ್ನೆ, ಇಲಿ ವೈರ್ ಕಡಿದರೂ ಸೊನ್ನೆ. ನೀರು ಹರೀತಿದ್ರೂ ನಿಂತಿದೆ ಅಂದುಕೊಂಡು ಪೈಪ್ ಹುಡುಕ್ತಾ ಹೋಗಬೇಕಾಗಿತ್ತು. ಈಗ ಹಾಗಲ್ಲ: 4 ಬಂದ್ರೆ ನೀರಿಲ್ಲ, 0 ಬಂದ್ರೆ ವೈರಿಲ್ಲ, ಇಲ್ಲವೇ ಮೀಟರಿಗೆ ಪವರ್ ಇಲ್ಲ. ನಾಮುರ್ ಎನ್‌ಇ 43 ಶಿಫಾರಸಿನ ಪ್ರಕಾರ 3.8ರಿಂದ 20.5ರವರೆಗೆ ಅಳತೆ; 3.6 ಅಥವಾ ಅದಕ್ಕಿಂತ ಕಡಿಮೆ, 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ದೋಷ.

ಆದರೆ ಈ ಜಾಣ ವೈರಿಗೂ ಗೊತ್ತಾಗದ ತಪ್ಪೊಂದಿದೆ. ಮೀಟರಿನಲ್ಲಿ ರೇಂಜ್ 500 ಇಟ್ಟು, ಪಿಎಲ್‌ಸಿ ಪ್ರೋಗ್ರಾಮಿನಲ್ಲಿ 400 ಅಂತ ಬರೆದ್ರೆ? 12 ಮಿಲಿಆಂಪಿಯರ್ ಬಂದಾಗ ಪೈಪಿನಲ್ಲಿ 250, ಪರದೆ ಮೇಲೆ 200. ಅಲಾರಂ ಬಾರಿಸಲ್ಲ, ಯಾರಿಗೂ ಅನುಮಾನ ಬರಲ್ಲ. ಪ್ರತಿ ಗಂಟೆ 50 ಘನ ಮೀಟರ್, ಅಂದ್ರೆ 50,000 ಲೀಟರ್ ನೀರು ಲೆಕ್ಕದಿಂದಲೇ ಮಾಯ!

ಇದಕ್ಕೆ ಮದ್ದು ಪಲ್ಸ್ ಔಟ್‌ಪುಟ್. ಇಂತಿಷ್ಟು ನೀರು ಹರಿದರೆ ಒಂದು ಪಲ್ಸ್ ಅಂತ ಮೀಟರಿನಲ್ಲಿ ಹೊಂದಿಸಿ ಎಣಿಸೋದು. ದಿನದ ಒಟ್ಟು ನೀರಿಗೆ ಈ ಎಣಿಕೆ, ಆ ಕ್ಷಣದ ಹರಿವಿಗೆ ಕರೆಂಟ್. ಎರಡೂ ತಾಳೆಯಾಗದಿದ್ರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಹಾರ್ಟ್ ಪ್ರೋಟೋಕಾಲ್ ಇದ್ದರೆ ಅದೇ ಎರಡು ವೈರಿನ ಮೇಲೆ 1200 ಮತ್ತು 2200 ಹರ್ಟ್ಜ್‌ನ ಸಣ್ಣ ಅಲೆ ಕೂರಿಸಿ ಮೀಟರಿನ ರೇಂಜನ್ನೇ ಓದಬಹುದು. ಮಾಡ್‌ಬಸ್ ಆದರೆ ಅಂಕಿ ನೇರವಾಗಿ ಡಿಜಿಟಲ್ ರೂಪದಲ್ಲೇ ಬರುತ್ತದೆ.

ಪಿಎಲ್‌ಸಿಯಿಂದ ಮುಂದೆ ದೂರದ ಕಂಟ್ರೋಲ್ ರೂಮಿಗೆ ಫೈಬರ್ ಅಥವಾ ಮೊಬೈಲ್ ನೆಟ್‌ವರ್ಕ್. ಅಲ್ಲೂ ಹುಷಾರಾಗಿರಬೇಕು: ಲಿಂಕ್ ಕಡಿದಾಗ ಪರದೆ ಹಳೇ ಅಂಕಿಯನ್ನೇ ತೋರಿಸ್ತಾ ಕೂರಬಹುದು. ಅಂಕಿಯ ಜೊತೆ ಅದು ಬಂದ ಸಮಯವನ್ನೂ ನೋಡಬೇಕು.

ಮುಂದಿನ ಸಲ ಲ್ಯಾಬಿನಲ್ಲಿ ಲೂಪ್ ಜೋಡಿಸಿದಾಗ ಒಂದು ವೈರ್ ಬಿಚ್ಚಿ ನೋಡ್ರಿ. ನಿಮ್ಮ ಪ್ರೋಗ್ರಾಮ್ "ಹರಿವು 0" ಅಂತ ತೋರಿಸಿದ್ರೆ ಅದನ್ನು ತಿದ್ದಿ "ಸಿಗ್ನಲ್ ಇಲ್ಲ" ಅಂತ ಹೇಳೋದನ್ನ ಕಲಿಸ್ರಿ. ನಾಳೆ ಯಾವುದೋ ಊರಲ್ಲಿ ಕೊಡ ಹಿಡಿದು ನಿಂತವರಿಗೆ ಸರಿಯಾದ ಉತ್ತರ ಸಿಗೋದು ಆ ಒಂದು ಸಾಲಿನಿಂದಲೇ.