ಭುಜದ ಸ್ನಾಯುರಜ್ಜು ತೀವ್ರವಾಗಿ ಹರಿದಾಗ

ಬದುವಿನಿಂದ ಜಾರಿ ಕೈಯೂರಿ ಬಿದ್ದ ಇಂಡಿಯ ರೈತ, ತೊಗರಿ ಚೀಲ ಎತ್ತುವಾಗ ಭುಜದಲ್ಲಿ ಚಳಕು ಬಂದ ಸಿಂದಗಿಯ ಹಮಾಲ, ಮೋಟಾರ್ ಸೈಕಲ್ಲಿನಿಂದ ಬಿದ್ದ ಮುದ್ದೇಬಿಹಾಳದ ಯುವಕ, ತುಂಬಿದ ಕೊಡ ಎತ್ತಲಾರದ ಬಸವನ ಬಾಗೇವಾಡಿಯ ಗೃಹಿಣಿ: ಇಂಥವರು ವೈದ್ಯರ ಬಳಿಗೆ ಬರುವಾಗ ಹಲವು ತಿಂಗಳು ಕಳೆದಿರುತ್ತವೆ. “ಉಳುಕೈತಿ ಅಂತ ಎಣ್ಣಿ ತಿಕ್ಕಿಸಿದ್ವಿರಿ” ಎಂಬುದು ಅವರ ಸಾಮಾನ್ಯ ಉತ್ತರ. ಎಲ್ಲ ಭುಜನೋವೂ ಉಳುಕಲ್ಲ ಎಂಬುದನ್ನು ತಾವು ಅರಿಯುವುದು ಅವಶ್ಯ.

ಹರಿಯುವುದು ಏನು?

ಭುಜದ ಕೀಲಿನಲ್ಲಿ ಚೆಂಡು ದೊಡ್ಡದು, ಅದು ಕೂರುವ ಬಟ್ಟಲು ಆಳವಿಲ್ಲದ್ದು. ಹೆಗಲೆಲುಬಿನಿಂದ ಹೊರಟ ನಾಲ್ಕು ಮಾಂಸಖಂಡಗಳ ಸ್ನಾಯುರಜ್ಜುಗಳು ಚೆಂಡನ್ನು ಟೊಪ್ಪಿಗೆಯಂತೆ ಸುತ್ತಿ ಸ್ಥಾನದಲ್ಲಿ ಹಿಡಿದಿರುತ್ತವೆ. ಇದಕ್ಕೆ ‘ರೊಟೇಟರ್ ಕಫ್’ ಎಂದು ಹೆಸರು. ಜತ್ತಿಗೆ ಹರಿದರೆ ನೊಗವು ಎತ್ತಿನ ಹೆಗಲ ಮೇಲೆ ನಿಲ್ಲದು. ಹಾಗೆಯೇ ಈ ರಜ್ಜುಗಳು ಹರಿದರೆ ಚೆಂಡು ಮೇಲಕ್ಕೆ ಸರಿದು ಕೈ ಎತ್ತುವ ಶಕ್ತಿ ಕುಂದುತ್ತದೆ. ಎರಡು ಅಥವಾ ಹೆಚ್ಚು ರಜ್ಜುಗಳು ಹರಿದಿದ್ದರೆ, ಇಲ್ಲವೆ ಹರಿತವು 5 ಸೆಂಟಿಮೀಟರಿಗೆ ಮೀರಿದ್ದರೆ ಅದನ್ನು ತೀವ್ರವೆಂದು ಪರಿಗಣಿಸಲಾಗುತ್ತದೆ.

ಗುರುತಿಸುವುದು ಹೇಗೆ?

ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಸ್ವಂತ ಬಲದಿಂದ ಕೈ ಮೇಲೇರದು. ಆದರೆ ಇನ್ನೊಬ್ಬರು ಎತ್ತಿದರೆ ಏರುತ್ತದೆ. ಇನ್ನೊಬ್ಬರು ಎತ್ತಿದರೂ ಏರದಿದ್ದರೆ ಅದು ಬಹುಶಃ ಕೀಲು ಬಿಗಿತ. ಅದರ ಚಿಕಿತ್ಸೆ ಬೇರೆ. ಸ್ಕ್ಯಾನ್ ಅಥವಾ ಎಂ.ಆರ್.ಐ. ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ.

ತಡವೇಕೆ ಕೂಡದು?

ಹರಿದ ರಜ್ಜು ದಿನ ಕಳೆದಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದರ ಮಾಂಸಖಂಡ ಸೊರಗಿ ಕೊಬ್ಬಿನಿಂದ ತುಂಬುತ್ತದೆ. ಅನಂತರ ಹೊಲಿಗೆ ಹಾಕಿದರೂ ಆ ಕೊಬ್ಬು ಬಹುಮಟ್ಟಿಗೆ ಹಿಂದಿರುಗಿ ಮಾಂಸವಾಗದು. ಆದ್ದರಿಂದ ಪೆಟ್ಟು ಬಿದ್ದ ಮೇಲೆ ಕೈ ಏರದಿದ್ದರೆ ಸುಗ್ಗಿ ಮುಗಿಯಲೆಂದು ಕಾಯದೆ, ಒಂದೆರಡು ವಾರಗಳೊಳಗೆ ವೈದ್ಯರಿಗೆ ತೋರಿಸತಕ್ಕದ್ದು.

ಶಸ್ತ್ರಚಿಕಿತ್ಸೆಯ ವಿಧಾನಗಳು

1. ಹೊಲಿಗೆ: ಸಣ್ಣ ರಂಧ್ರಗಳ ಮೂಲಕ ದುರ್ಬೀನು ತೂರಿಸಿ ರಜ್ಜುವನ್ನು ಎಲುಬಿಗೆ ಮರಳಿ ಹೊಲಿಯುತ್ತಾರೆ. ಹೊಸ ಹರಿತಕ್ಕೆ ಇದು ಉತ್ತಮ. ಬಹು ದೊಡ್ಡ ಹರಿತಗಳು ಹೊಲಿದ ಮೇಲೆಯೂ ಮತ್ತೆ ಬಿಡುವ ಸಂಭವವುಂಟು.

2. ಶುಚಿಗೊಳಿಸುವಿಕೆ: ಹೊಲಿಯಲಾಗದ ಚೂರುಗಳನ್ನು ತೆಗೆಯುತ್ತಾರೆ. ನೋವು ಕಡಿಮೆಯಾಗಬಹುದು, ಕಳೆದ ಬಲ ಮರಳದು.

3. ರಜ್ಜು ವರ್ಗಾವಣೆ: ಬೆನ್ನಿನ ಮಾಂಸಖಂಡದ ರಜ್ಜುವನ್ನು ತಂದು ಭುಜಕ್ಕೆ ಜೋಡಿಸುತ್ತಾರೆ. ಕೀಲು ಸವೆಯದ, ದುಡಿಯುವ ವಯಸ್ಸಿನವರಿಗೆ ಇದು ಸೂಕ್ತ. ತೊಡೆಯ ಪೊರೆಯನ್ನು ತೆಗೆದು ಕೀಲಿನ ಮೇಲ್ಭಾಗಕ್ಕೆ ಹೊದಿಸುವ ಕ್ರಮವೂ ಇದೆ.

4. ತಿರುವು ಕೀಲು ಜೋಡಣೆ: ಫ್ರಾನ್ಸಿನ ಪಾಲ್ ಗ್ರಾಮೊಂ ಎಂಬ ವೈದ್ಯರು 1985ರಲ್ಲಿ ಬಳಕೆಗೆ ತಂದ ಈ ವಿಧಾನದಲ್ಲಿ ಬಟ್ಟಲಿನ ಜಾಗದಲ್ಲಿ ಚೆಂಡನ್ನೂ, ಚೆಂಡಿನ ಜಾಗದಲ್ಲಿ ಬಟ್ಟಲನ್ನೂ ಕೂರಿಸುತ್ತಾರೆ. ಆಗ ಭುಜದ ಹೊರಮೈಯ ದೊಡ್ಡ ಮಾಂಸಖಂಡವೊಂದೇ ಕೈಯನ್ನು ಎತ್ತಬಲ್ಲದು. ಇದು ಹೆಚ್ಚಾಗಿ ಕೀಲು ಸವೆದ ವೃದ್ಧರಿಗಾಗಿ ಇದೆ. ಇದಾದ ಮೇಲೆ ಭಾರದ ಚೀಲ ಹೊರುವ ಕೆಲಸ ಕೂಡದು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ವಯಸ್ಸಿನಿಂದ ನಿಧಾನವಾಗಿ ಸವೆದು ಹರಿದ ಭುಜವುಳ್ಳ ಅನೇಕರು ಸುಮಾರು 3 ತಿಂಗಳ ಕ್ರಮಬದ್ಧ ವ್ಯಾಯಾಮದಿಂದ ಸುಧಾರಿಸುತ್ತಾರೆ.

ನೆನಪಿಡಬೇಕಾದವು

ಹೊಲಿಗೆಯ ನಂತರ 4ರಿಂದ 6 ವಾರ ಕೈಯನ್ನು ಜೋಳಿಗೆಯಲ್ಲಿರಿಸಬೇಕು. ಸುಮಾರು 6 ತಿಂಗಳು ಭಾರ ಎತ್ತಬಾರದು. ಈ ಅವಧಿಯಲ್ಲಿ ಹೊಲದ ಮತ್ತು ಮನೆಯ ಕೆಲಸವನ್ನು ಯಾರು ನೋಡಿಕೊಳ್ಳಬೇಕೆಂದು ಕುಟುಂಬದವರು ಮೊದಲೇ ನಿಶ್ಚಯಿಸಿರಿ. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿರಿ. ಬೀಡಿ ಸಿಗರೇಟು ಬಿಡಿರಿ. ಇವೆರಡೂ ಗಾಯ ಮಾಯುವುದಕ್ಕೆ ಅಡ್ಡಿ. ಭುಜಕ್ಕೆ ಮೇಲಿಂದ ಮೇಲೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿರಿ. ಅದರಿಂದ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ.

ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಶಿಫಾರಸು ಪತ್ರದೊಡನೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ತಮಗೆ ಸೂಚಿಸಿದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಮುಂಚಿತವಾಗಿ ವಿಚಾರಿಸಿರಿ.

ದುಡಿಯುವ ಕೈ ಮನೆತನದ ಆಸ್ತಿ. ಬೇಗ ತೋರಿಸಿದವರಿಗೆ ಚಿಕಿತ್ಸೆಯ ದಾರಿಗಳು ಹಲವು. ತಡಮಾಡಿದಷ್ಟೂ ಅವು ಕಡಿಮೆಯಾಗುತ್ತವೆ.